ಕಡಲ ಗಾಳಿಯೂ ಮುಂಬಯಿಯ ಹೊಗೆಯೂ

ಮುಂಬಯಿಗೆ ಹೊಸದಾಗಿ ಬಂದವರು ಇಲ್ಲಿನ ಜನಸಂದಣಿಯನ್ನೂ ಬಾಡಿಗೆಯನ್ನೂ ದೂರುವುದುಂಟು. ಗಾಳಿಯನ್ನು ದೂರಿದವರು ಬಹುಕಾಲ ವಿರಳವಾಗಿದ್ದರು. ಸಮುದ್ರ ಸುತ್ತುವರಿದ ಊರಿಗೆ ಕೆಟ್ಟ ಗಾಳಿಯ ಭಯವೆಲ್ಲಿಯದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿತ್ತು. ದೀಪಾವಳಿ ಕಳೆಯುತ್ತಲೇ ದೆಹಲಿಯ ಕನ್ನಡಿಗ ಮಿತ್ರರು ಕಣ್ಣುರಿ, ಕೆಮ್ಮುಗಳ ಮಾತೆತ್ತಿದರೆ ನಾವು ಕನಿಕರಪಟ್ಟು ಸುಮ್ಮನಾಗುತ್ತಿದ್ದೆವು. 2022-23ರ ಚಳಿಗಾಲ ಈ ನಂಬಿಕೆಯನ್ನು ಅಲುಗಿಸಿತು. ಆ ತಿಂಗಳುಗಳ ಕೆಲವು ದಿನ ಮುಂಬಯಿಯ ಗಾಳಿ ದೆಹಲಿಯದಕ್ಕಿಂತಲೂ ಕೆಟ್ಟಿತ್ತು. ಹಾಗೇಕಾಯಿತೆಂದು ವಿಚಾರಿಸಹೊರಟರೆ ವಾಯುಮಾಲಿನ್ಯದ ಸ್ವರೂಪವೇ ತಕ್ಕಮಟ್ಟಿಗೆ ಮನದಟ್ಟಾಗುತ್ತದೆ.

ವೃತ್ತಿಯಿಂದ ನಾನು ಬ್ಯಾಂಕಿನವನು. ಗಾಳಿಯ ವಿಷಯದಲ್ಲಿಯೂ ಜಮೆ-ಖರ್ಚುಗಳ ಮಾತೇ ನನಗೆ ಸುಲಭವಾಗಿ ಬರುತ್ತದೆ. ವಾಹನ, ಕಾರ್ಖಾನೆ, ಒಲೆ, ಕಟ್ಟಡದ ಧೂಳು, ಸುಡುವ ಕಸ, ಇವು ದಿನವೂ ನಗರದ ಗಾಳಿಗೆ ಜಮೆ ಮಾಡುತ್ತಿರುತ್ತವೆ. ಬೀಸುವ ಗಾಳಿ, ಸುರಿಯುವ ಮಳೆ, ಬಿಸಿಗಾಳಿಯ ಏರಿಕೆ, ಇವು ಖರ್ಚಿನ ಬದಿ. ಖರ್ಚು ಸರಾಗವಾಗಿರುವಷ್ಟು ದಿನ ಜಮೆ ಎಷ್ಟೆಂದು ಯಾರೂ ಕೇಳುವುದಿಲ್ಲ. ಮುಂಬಯಿಯಲ್ಲಿ ಆದದ್ದು ಇದೇ.

ಹಗಲಿನಲ್ಲಿ ನೆಲ ಕಡಲಿಗಿಂತ ಬೇಗ ಕಾಯುತ್ತದೆ. ನೆಲದ ಮೇಲಣ ಗಾಳಿ ಹಗುರಾಗಿ ಏರಿದಂತೆ ಅದರ ಸ್ಥಾನಕ್ಕೆ ಪಶ್ಚಿಮದಿಂದ ಕಡಲ ಗಾಳಿ ನುಗ್ಗಿ ಬರುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಗಾಳಿಯ ದಿಕ್ಕು ತಿರುಗಿ, ಪೂರ್ವದಿಂದ ಮೆಲ್ಲನೆ ಬೀಸತೊಡಗುತ್ತದೆ. ಚಳಿಗಾಲದ ಮುಂಜಾನೆಗಳಲ್ಲಿ ಇನ್ನೊಂದು ತೊಡಕೂ ಉಂಟು. ಸಾಮಾನ್ಯವಾಗಿ ಮೇಲೇರಿದಂತೆ ಗಾಳಿ ತಂಪಾಗಬೇಕು. ಆದರೆ ನೆಲವೇ ತಣಿದಿರುವಾಗ ಕೆಳಗೆ ತಂಪು ಗಾಳಿಯೂ ಅದರ ಮೇಲೆ ಬೆಚ್ಚನೆಯ ಗಾಳಿಯ ಪದರವೂ ನಿಲ್ಲುತ್ತವೆ. ಪಾತ್ರೆಗೆ ಮುಚ್ಚಳ ಬಿದ್ದಂತೆ. ಒಳಗಿನ ಹೊಗೆ ಒಳಗೇ. ಬಿಸಿಲೇರಿದ ಮೇಲೆ ಈ ಮುಚ್ಚಳ ಕಳಚಿ, ಕಡಲ ಗಾಳಿ ಊರನ್ನು ಗುಡಿಸುವುದು ವಾಡಿಕೆ. ಶಾಂತಸಾಗರದ ನೀರು ಮೂರನೆಯ ವರ್ಷವೂ ಬಿಡದೆ ತಂಪಾಗಿದ್ದ, ಹವಾಶಾಸ್ತ್ರಜ್ಞರು ಲಾ ನಿನಾ ಎನ್ನುವ ಸ್ಥಿತಿ ಆ ಚಳಿಗಾಲದಲ್ಲಿ ಗಾಳಿಯ ಈ ಕ್ರಮವನ್ನು ಕೆಡಿಸಿತೆಂದೂ, ಅದರಿಂದ ಉತ್ತರದ ನಗರಗಳಿಗೆ ತುಸು ಉಪಶಮನವೂ ದಕ್ಷಿಣ-ಪಶ್ಚಿಮದ ನಗರಗಳಿಗೆ ತೊಂದರೆಯೂ ಆಯಿತೆಂದೂ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಗುಫ್ರಾನ್ ಬೇಗ್ ಮತ್ತು ಸಂಗಡಿಗರು ವಿವರಿಸಿದ್ದಾರೆ. ಹೊಗೆಯನ್ನು ಆ ವರ್ಷ ಯಾರೋ ಹೊಸದಾಗಿ ತಂದು ಸುರಿಯಲಿಲ್ಲ. ಇದ್ದ ಹೊಗೆ ಹೋಗಲಿಲ್ಲ, ಅಷ್ಟೆ.

ಇಂತಹ ಮುಚ್ಚಳದ ಅತ್ಯಂತ ಭೀಕರ ನಿದರ್ಶನ ಲಂಡನ್ನಿನದು. 1952ರ ಡಿಸೆಂಬರ್ 5ರಿಂದ 9ರವರೆಗೆ ಗಾಳಿ ನಿಂತು, ಮನೆಮನೆಯ ಕಲ್ಲಿದ್ದಲ ಹೊಗೆಯೂ ಮಂಜೂ ಬೆರೆತು ನಗರವನ್ನು ಕವಿದವು. ಸತ್ತವರು ಸುಮಾರು 4,000 ಎಂದು ಮೊದಲು ಎಣಿಸಿದರು. ಮುಂದಿನ ತಿಂಗಳುಗಳ ಮರಣಗಳನ್ನೂ ಸೇರಿಸಿದ ಈಚಿನ ಅಂದಾಜು 12,000ವನ್ನು ಮುಟ್ಟುತ್ತದೆ. ಅಲ್ಲಿ 1956ರಲ್ಲಿ ಶುದ್ಧವಾಯು ಶಾಸನ ಬಂದಿತು. ಶಾಸನದ ಮಾತಿನಲ್ಲಿ ಮುಂಬಯಿ ಹಿಂದುಳಿದಿರಲಿಲ್ಲವೆಂಬುದು ವಿಚಿತ್ರ. ಕುಲುಮೆಗಳ ಹೊಗೆಯ ಪೀಡೆಯನ್ನು ಕುರಿತ ಕಾನೂನು ಇಲ್ಲಿ 1912ರಲ್ಲಿಯೇ ಆಗಿತ್ತು.

ಆದರೆ ಗಾಳಿಯ ಖರ್ಚಿನಲ್ಲಿ ಎಲ್ಲ ಬಡಾವಣೆಗಳಿಗೂ ಸಮಪಾಲಿಲ್ಲ. ಪಶ್ಚಿಮದ ತೀರದವರಿಗೆ ಹೊಸ ಗಾಳಿ. ಪೂರ್ವದವರಿಗೆ ಊರೆಲ್ಲ ಉಸಿರಾಡಿ ಬಿಟ್ಟದ್ದು. ತೈಲ ಶುದ್ಧೀಕರಣ, ರಸಗೊಬ್ಬರ, ವಿದ್ಯುತ್ತು, ಇವುಗಳ ಸ್ಥಾವರಗಳೆಲ್ಲ ಟ್ರಾಂಬೆಯ ಸುತ್ತ ಕೂಡಿದ ಮೇಲೆ ಚೆಂಬೂರಿನ ಹೆಸರನ್ನು ಜನ 'ಗ್ಯಾಸ್ ಚೇಂಬರ್' ಎಂದು ತಿರುಚಿ ಆಡಿಕೊಂಡರು. ಅದು ಬರಿಯ ಹಾಸ್ಯವಾಗಿರಲಿಲ್ಲ. 1970ರ ದಶಕದಲ್ಲಿ ಕೆ.ಇ.ಎಂ. ಆಸ್ಪತ್ರೆಯ ಡಾ. ಎಸ್. ಆರ್. ಕಾಮತರು ಲಾಲಬಾಗ, ಚೆಂಬೂರು, ಖಾರ್ ಪ್ರದೇಶಗಳ ನಿವಾಸಿಗಳನ್ನು ಹೋಲಿಸಿ ನೋಡಿದಾಗ, ಗಾಳಿ ಹೆಚ್ಚು ಕೆಟ್ಟಲ್ಲಿ ಕೆಮ್ಮು, ಉಬ್ಬಸಗಳೂ ಹೆಚ್ಚಾಗಿದ್ದುವು.

ಆ ಕಾಲದ ಮುಖ್ಯ ಚಿಂತೆ ಗಂಧಕದ ಅನಿಲ. ಇಂದಿನದು ಕಣ್ಣಿಗೆ ಕಾಣದ ಕಣ. 2.5 ಮೈಕ್ರಾನಿಗಿಂತ ಕಿರಿದಾದ, ಎಂದರೆ ತಲೆಗೂದಲ ದಪ್ಪದ 30ರಲ್ಲಿ ಒಂದು ಪಾಲೂ ಇಲ್ಲದ ಈ ಕಣಗಳನ್ನು ಮೂಗಾಗಲಿ ಗಂಟಲಾಗಲಿ ತಡೆಯಲಾರವು. ಅವು ಪುಪ್ಪುಸದ ತುದಿಯ ಗಾಳಿಗೂಡುಗಳನ್ನು ಸೇರುತ್ತವೆ. ಅತಿ ಸೂಕ್ಷ್ಮವಾದವು ರಕ್ತವನ್ನೂ ಹೊಗುತ್ತವೆ. ಹೃದ್ರೋಗಕ್ಕೂ ಪಾರ್ಶ್ವವಾಯುವಿಗೂ ಕೆಟ್ಟ ಗಾಳಿ ಕಾರಣವೆಂಬುದು ಈಗ ವೈದ್ಯರಲ್ಲಿ ವಿವಾದದ ಮಾತಲ್ಲ. ಘನ ಮೀಟರಿಗೆ ಇಂತಹ ಕಣಗಳ ವಾರ್ಷಿಕ ಸರಾಸರಿ 40 ಮೈಕ್ರೊಗ್ರಾಮನ್ನು ಮೀರಕೂಡದೆಂದು 2009ರ ನಮ್ಮ ರಾಷ್ಟ್ರೀಯ ಮಾನ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 5. ನಮ್ಮ ಮಾನದೊಳಗೆ ಇದ್ದೇವೆಂಬ ಸಮಾಧಾನವನ್ನು ಈ ಅಂತರದೊಡನೆ ಇಟ್ಟು ನೋಡಬೇಕು.

ಹಾಗಾದರೆ ನಿಯಂತ್ರಣವೆಲ್ಲಿಂದ? ಗಾಳಿಯನ್ನು ಬೀಸೆಂದು ಆಜ್ಞಾಪಿಸುವಂತಿಲ್ಲ, ಜಮೆಯನ್ನೇ ತಗ್ಗಿಸಬೇಕು. 1981ರ ವಾಯು ಶಾಸನ, ವಾಹನಗಳಿಗೆ ಅಡಕಾನಿಲ, 2020ರಿಂದ ಗಂಧಕ ಕಡಮೆಯಾದ ಇಂಧನ, ಇವು ಆ ದಾರಿಯ ಹೆಜ್ಜೆಗಳು. 2023ರ ಅಕ್ಟೋಬರಿನಲ್ಲಿ ಮಹಾನಗರಪಾಲಿಕೆ ಕಟ್ಟಡದ ಧೂಳಿಗೆ ಕಟ್ಟಳೆ ಮಾಡಿತು: 70 ಮೀಟರಿಗಿಂತ ಎತ್ತರವಾಗುವ ಕಟ್ಟಡದ ನಿವೇಶನಕ್ಕೆ 35 ಅಡಿಯ ತಗಡಿನ ಬೇಲಿ, ಏಳುತ್ತಿರುವ ಕಟ್ಟಡಕ್ಕೆ ಬಟ್ಟೆಯ ಹೊದಿಕೆ, ಮಣ್ಣು ಸಾಗಿಸುವ ಲಾರಿಗೆ ಮುಚ್ಚುಗೆ. ಕಟ್ಟಳೆ ಒಳ್ಳೆಯದೇ. ನಾನು ದಿನವೂ ಹಾದುಹೋಗುವ ಒಂದು ನಿವೇಶನದಲ್ಲಿ ಬೇಲಿ ನೆಟ್ಟಗಿದೆ. ನೀರು ಚಿಮುಕಿಸುವುದನ್ನು ಮಾತ್ರ ನಾನು ಕಂಡದ್ದು ಎರಡೇ ಸಲ.

2025ರ ಜನವರಿಯಲ್ಲಿ ಉಚ್ಚ ನ್ಯಾಯಾಲಯ ಸೌದೆ, ಇದ್ದಲುಗಳಿಂದ ಉರಿಯುವ ಬೇಕರಿಯ ಭಟ್ಟಿಗಳು 6 ತಿಂಗಳಲ್ಲಿ ಅನಿಲಕ್ಕೋ ಶುದ್ಧ ಇಂಧನಕ್ಕೋ ಬದಲಾಗಬೇಕೆಂದಿತು. ಹೋಟೆಲುಗಳ ತಂದೂರಿ ಒಲೆಗಳಿಗೂ ಪಾಲಿಕೆಯ ಆದೇಶ ತಗುಲಿತು. ಈ ಊರಿನ ಹೋಟೆಲುಗಳಲ್ಲಿ ನಮ್ಮ ಕರಾವಳಿಯವರವು ಎಷ್ಟೆಂಬುದು ವಾಚಕರಿಗೆ ಗೊತ್ತಿದೆ. ಆಜ್ಞೆ ಯುಕ್ತವೆಂದೇ ನನ್ನ ಅಭಿಪ್ರಾಯ; ಒಲೆಯ ಮುಂದೆ ನಿಂತವನೇ ಆ ಹೊಗೆಯನ್ನು ಮೊದಲು ಕುಡಿಯುವವನು. ಆದರೆ ಹಳೆಯ ಇಟ್ಟಿಗೆಯ ಭಟ್ಟಿಯನ್ನು ಕೆಡವಿ ಹೊಸದನ್ನು ಕೂಡಿಸಲು ಹಣ ಬೇಕು. ಸಣ್ಣ ಬೇಕರಿಯವನು ಸಾಲ ಕೇಳಲು ಬಂದಾಗ ನಾವು ನೋಡುವುದು ಅವನ ಅಡವನ್ನು. ಅವನ ಅಂಗಡಿಯೋ ಹೆಚ್ಚಾಗಿ ಪಗಡಿಯ ಬಾಡಿಗೆಯದು, ಅಡವಿಡಲು ಬರುವುದಿಲ್ಲ. ಬಹುಮಹಡಿ ಕಟ್ಟುವವನ ಕಡತಕ್ಕೆ ಈ ತೊಡಕಿಲ್ಲ.