ಅಂಡಾಶಯದ ಗಡ್ಡೆಯೊಳಗೆ ಹಲ್ಲು ಬಂದದ್ದು ಹೇಗೆ?

ಪ್ರಶ್ನೆ: ಮುಟ್ಟಿನ ಏರುಪೇರಿಗೆಂದು ಸ್ಕ್ಯಾನಿಂಗ್ ಮಾಡಿಸಿದಾಗ ನನ್ನ ತಂಗಿಯ ಅಂಡಾಶಯದಲ್ಲಿ ಕೂದಲು, ಹಲ್ಲು ಇರುವ ಗಡ್ಡೆ ಕಂಡಿದೆ. ಮದುವೆಯಾಗದವಳಿಗೆ ಇದು ಹೇಗೆ ಸಾಧ್ಯ?

ಉತ್ತರ: ಇದಕ್ಕೂ ಮದುವೆಗೂ ಬಸಿರಿಗೂ ಯಾವ ಸಂಬಂಧವೂ ಇಲ್ಲ. ಇದನ್ನು ಮೊದಲು ಮನೆಯವರಿಗೆಲ್ಲ ತಿಳಿಸಿ. ಇಂಥ ಅನುಮಾನ ಹೆಣ್ಣುಮಕ್ಕಳನ್ನು ಸುಮ್ಮನೆ ನೋಯಿಸುತ್ತದೆ.

ಇದು ಡರ್ಮಾಯ್ಡ್ ಸಿಸ್ಟ್. ಅಂಡಾಣುವಾಗುವ ಕೋಶಕ್ಕೆ ಚರ್ಮ, ಕೂದಲು, ಮೂಳೆ, ಹಲ್ಲು ಎಲ್ಲವನ್ನೂ ರೂಪಿಸುವ ಶಕ್ತಿ ಇರುತ್ತದೆ. ಅಂಥದೊಂದು ಕೋಶ ವೀರ್ಯಾಣುವಿನ ನೆರವಿಲ್ಲದೆ ತಾನಾಗಿಯೇ ವಿಭಜನೆಗೊಂಡರೆ ಈ ಅಂಗಾಂಶಗಳು ಅಡ್ಡಾದಿಡ್ಡಿಯಾಗಿ ಬೆಳೆಯುತ್ತವೆ, ಭ್ರೂಣವಾಗುವುದಿಲ್ಲ. ಬೆಳವಣಿಗೆ ಬಹಳ ನಿಧಾನ, ಹೆಚ್ಚಿನವರಿಗೆ ನೋವೂ ಇರುವುದಿಲ್ಲ. ಆದ್ದರಿಂದಲೇ ಬೇರೇನನ್ನೋ ಹುಡುಕುವಾಗ ಇದು ಕಣ್ಣಿಗೆ ಬೀಳುತ್ತದೆ. ಪರದೆಯ ಮೇಲೆ ಕೊಬ್ಬು, ಕೂದಲು ಬೆರೆತ ಭಾಗ ಬೆಳ್ಳಗೆ ಕಾಣುತ್ತದೆ. ಹಲ್ಲು ಶಬ್ದತರಂಗಗಳನ್ನು ತಡೆಯುವುದರಿಂದ ಅದರ ಹಿಂದೆ ಕಪ್ಪು ನೆರಳು ಮೂಡುತ್ತದೆ.

ಕ್ಯಾನ್ಸರ್ ಆಗುವುದು ನೂರರಲ್ಲಿ ಒಂದೆರಡು ಮಾತ್ರ. ಚಿಕ್ಕದಿದ್ದರೆ ಆಗಾಗ ಸ್ಕ್ಯಾನ್ ಮಾಡಿ ಗಮನಿಸಬಹುದು. ದೊಡ್ಡದಾದರೆ ಸಾಮಾನ್ಯವಾಗಿ ಅಂಡಾಶಯವನ್ನು ಉಳಿಸಿಕೊಂಡೇ ಗಡ್ಡೆ ತೆಗೆಯುತ್ತಾರೆ. ನಿಜವಾದ ಅಪಾಯವೆಂದರೆ, ಗಡ್ಡೆಯ ಭಾರಕ್ಕೆ ಅಂಡಾಶಯ ತಿರುಚಿಕೊಂಡು ರಕ್ತಸಂಚಾರ ನಿಲ್ಲುವುದು. ಕಿಬ್ಬೊಟ್ಟೆಯಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು, ವಾಂತಿ ಶುರುವಾದರೆ ಬೆಳಗಾಗಲೆಂದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.