ಎರಡು ಗಾಲಿಯ ಮೇಲೆ ಭೂಮಿ ಸುತ್ತುವ ಮುನ್ನ

ಸಮಭಾಜಕ ವೃತ್ತದ ಮೇಲೆ ಭೂಮಿಯ ಸುತ್ತಳತೆ 40,075 ಕಿಲೋಮೀಟರ್. ಮೋಟರ್ ಸೈಕಲ್ ಮೇಲೆ ದೇಶದೇಶ ತಿರುಗಿ, ಅಷ್ಟು ಅಥವಾ ಅದರ ಎರಡರಷ್ಟು ದೂರ ಸವೆಸಿ ಬಂದವರನ್ನು ಕಂಡರೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಎಷ್ಟು ದೇಶ ನೋಡಿದಿರಿ? ಎಷ್ಟು ಟೈರು ಸವೆಯಿತು? ಎಷ್ಟು ಸಲ ಬಿದ್ದಿರಿ? ಊಟಕ್ಕೆ ಏನು ಮಾಡಿದಿರಿ? 'ಹೊರಟಿದ್ದು ಹೇಗೆ?' ಎಂದು ಕೇಳುವವರು ಮಾತ್ರ ಕಡಿಮೆ.

ಆದರೆ ಇಂಥ ಪ್ರಯಾಣಗಳ ಕಥೆಯನ್ನು ಮೊದಲ ಪುಟದಿಂದ ಓದುತ್ತ ಬಂದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಮರುಭೂಮಿಯ ಮರಳು, ಪರ್ವತದ ಹಿಮ, ಗಡಿಯಲ್ಲಿ ಬಂದೂಕು ಹಿಡಿದು ನಿಂತ ಕಾವಲುಗಾರ ಇವೆಲ್ಲ ಆಮೇಲಿನ ಮಾತು. ಅರ್ಧಕ್ಕರ್ಧ ಪ್ರಯಾಣಗಳು ಮುರಿದುಬೀಳುವುದು ಮನೆಯ ಬಾಗಿಲಿನಿಂದ ಬೀದಿಯ ತಿರುವಿನವರೆಗಿನ ನೂರು ಮಾರು ದೂರದಲ್ಲಿ! ಆ ನೂರು ಮಾರು ದಾಟಿದವರು ಹುಟ್ಟಾ ಸಾಹಸಿಗಳೇ ಇರಬೇಕು ಎಂದು ನೀವು ಭಾವಿಸಿದ್ದರೆ ಮೂವರ ಕಥೆ ಕೇಳಬೇಕು.

ಊಟದ ಮೇಜಿನ ಮೇಲೆ ಜಾರಿದ ಮಾತು

1932ರ ಲಂಡನ್ನು. ರಾಬರ್ಟ್ ಎಡಿಸನ್ ಫುಲ್ಟನ್ ಎಂಬ ಅಮೆರಿಕದ ತರುಣನಿಗೆ ಆಗ 23 ವರ್ಷ. ಹಾರ್ವರ್ಡಿನಲ್ಲಿ ಪದವಿ ಪಡೆದು, ವಿಯೆನ್ನಾದಲ್ಲಿ ವಾಸ್ತುಶಿಲ್ಪ ಓದಿ, ಊರಿಗೆ ಮರಳುವ ದಾರಿಯಲ್ಲಿದ್ದ. ಔತಣಕೂಟವೊಂದರಲ್ಲಿ ತರುಣಿಯೊಬ್ಬಳು ಸಹಜವಾಗಿಯೇ, ಬೇಗನೆ ಹಡಗು ಹತ್ತಿ ಮನೆಗೆ ಹೋಗುತ್ತೀರೇನು ಎಂದು ಕೇಳಿದಳು. ಇಲ್ಲ, ಮೋಟರ್ ಸೈಕಲ್ ಮೇಲೆ ಭೂಮಿ ಸುತ್ತಲು ಹೊರಟಿದ್ದೇನೆ ಎಂದುಬಿಟ್ಟ ಫುಲ್ಟನ್. ಆ ಗಳಿಗೆಯವರೆಗೆ ಅವನಿಗೇ ಅಂಥ ಯೋಚನೆ ಇರಲಿಲ್ಲ.

ಹುಡುಗಿಯರ ಮುಂದೆ ಆಡಿದ ದೊಡ್ಡ ಮಾತು ಸಾಮಾನ್ಯವಾಗಿ ಊಟ ಮುಗಿಯುವಷ್ಟರಲ್ಲಿ ಮರೆತುಹೋಗುತ್ತದೆ. ಆದರೆ ಅದೇ ಮೇಜಿನಲ್ಲಿ ಡಗ್ಲಸ್ ಮೋಟರ್ ಸೈಕಲ್ ಕಂಪನಿಗೆ ಸೇರಿದ ಗೃಹಸ್ಥರೊಬ್ಬರು ಕುಳಿತಿದ್ದರು. ನಿಮಗೆ ಬೇಕಾದ ಬೈಕನ್ನು ನಮ್ಮ ಕಾರ್ಖಾನೆಯೇ ಕೊಡುತ್ತದೆ ಎಂದರು ಅವರು. ಇನ್ನು ಹಿಂಜರಿಯುವುದು ಹೇಗೆ?

ಕಾರ್ಖಾನೆಯವರು ಎರಡು ಸಿಲಿಂಡರಿನ ಬೈಕೊಂದನ್ನು ದೂರದ ದಾರಿಗೆಂದು ಸಜ್ಜುಗೊಳಿಸಿದರು. ಫುಲ್ಟನ್ ಒಂದು ಚಲನಚಿತ್ರ ಕ್ಯಾಮೆರಾ ಕಟ್ಟಿಕೊಂಡ. ಕಳ್ಳಕಾಕರ ಭಯಕ್ಕೆ ಒಂದು ಪಿಸ್ತೂಲನ್ನೂ ಬೈಕಿನಲ್ಲಿ ಅಡಗಿಸಿ ಇಟ್ಟುಕೊಂಡ. ಯುರೋಪು, ತುರ್ಕಿ, ಇರಾಕು, ಭಾರತ, ಚೀನಾ, ಜಪಾನು ಎಂದು ತಿರುಗಿ ಹದಿನೇಳು ತಿಂಗಳ ಬಳಿಕ, 1933ರ ಕ್ರಿಸ್‌ಮಸ್ಸಿನ ಹಿಂದಿನ ದಿನ ನ್ಯೂಯಾರ್ಕಿನ ಮನೆ ಸೇರಿದ. ನಾಲ್ಕು ವರ್ಷಗಳ ನಂತರ ಬಂದ ಅವನ ಪುಸ್ತಕ 'ಒನ್ ಮ್ಯಾನ್ ಕ್ಯಾರವಾನ್' ಇಂದಿಗೂ ಈ ಬಗೆಯ ಪ್ರವಾಸಿಗಳಿಗೆ ಆದಿಗ್ರಂಥದ ಹಾಗೆ. ಅದಕ್ಕೆಲ್ಲ ಮೂಲ ಸಮಯ ಸಾಧಿಸಿ ಆಡಿದ ಒಂದು ಜಂಭದ ಮಾತು!

ಪರವಾನಗಿಯೇ ಇಲ್ಲದ ಸವಾರ

ಎರಡನೆಯವರು ಟೆಡ್ ಸೈಮನ್. ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬೆಳೆದ ಪತ್ರಕರ್ತ. 1973ರಲ್ಲಿ ಪ್ರಪಂಚ ಸುತ್ತುವ ಯೋಚನೆ ತಲೆಗೆ ಹೊಕ್ಕಾಗ ಅವರಿಗೆ ನಲವತ್ತು ದಾಟಿತ್ತು. ಸಂಸಾರ, ಉದ್ಯೋಗ ಎಂದು ಜನ ನೆಲೆಯೂರುವ ವಯಸ್ಸು. ಕಾರಿನಲ್ಲಿ ಹೋದರೆ ಗಾಜಿನ ಹಿಂದೆ ಕುಳಿತು ನೋಡಿದಂತೆ, ಬಸ್ಸಿನಲ್ಲಿ ಹೋದರೆ ಮನಸ್ಸಿಗೆ ಬಂದಲ್ಲಿ ನಿಲ್ಲುವಂತಿಲ್ಲ. ಬೈಕಿನ ಮೇಲಾದರೆ ಮಳೆ, ಗಾಳಿ, ಜನ ಎಲ್ಲಕ್ಕೂ ಮೈಯೊಡ್ಡಿಕೊಂಡೇ ಹೋಗಬೇಕು. ಅದೇ ಸರಿ ಎನಿಸಿತು ಸೈಮನ್‌ಗೆ. ಒಂದೇ ತೊಡಕೆಂದರೆ, ಅವರ ಬಳಿ ಮೋಟರ್ ಸೈಕಲ್ ಓಡಿಸುವ ಪರವಾನಗಿಯೇ ಇರಲಿಲ್ಲ!

ಕಲಿತರು, ಪರೀಕ್ಷೆ ಕೊಟ್ಟರು. ಲಂಡನ್ನಿನ 'ಸಂಡೆ ಟೈಮ್ಸ್' ಪತ್ರಿಕೆ ಬೆಂಬಲಕ್ಕೆ ನಿಂತಿತು. 500 ಸಿ.ಸಿ.ಯ ಟ್ರಯಂಫ್ ಟೈಗರ್ ಬೈಕು ಸಿಕ್ಕಿತು. ಅದೂ ಎಂಥ ಹೊತ್ತಿನಲ್ಲಿ! ಟ್ರಯಂಫ್ ಬೈಕು ತಯಾರಾಗುತ್ತಿದ್ದ ಮೆರಿಡನ್ ಕಾರ್ಖಾನೆಯನ್ನು ಮುಚ್ಚುವುದಾಗಿ 1973ರ ಸೆಪ್ಟೆಂಬರಿನಲ್ಲಿ ಆಡಳಿತ ವರ್ಗ ಘೋಷಿಸಿತು. ಕೆಲಸಗಾರರು ಕಾರ್ಖಾನೆಯನ್ನೇ ತಮ್ಮ ವಶಕ್ಕೆ ತೆಗೆದುಕೊಂಡು ಧರಣಿ ಕೂತರು. ಬೈಕು ಕಟ್ಟಿದ ಕಾರ್ಖಾನೆಗೇ ಬೀಗ ಬೀಳುವ ಹೊತ್ತಿನಲ್ಲಿ ಆ ಬೈಕನ್ನು ನೆಚ್ಚಿ ಪ್ರಪಂಚ ಸುತ್ತಲು ಹೊರಟರು ಸೈಮನ್.

ಹೊರಟ ದಿನ 1973ರ ಅಕ್ಟೋಬರ್ 6. ಅದೇ ದಿನ ಈಜಿಪ್ಟ್ ಮತ್ತು ಸಿರಿಯಾ ಸೈನ್ಯಗಳು ಇಸ್ರೇಲಿನ ಮೇಲೆ ಏರಿಹೋದವು. ಸೈಮನ್ ಹಾಕಿಕೊಂಡಿದ್ದ ದಾರಿಯೋ ಇಟಲಿಯಿಂದ ಟ್ಯುನೀಶಿಯಾ, ಲಿಬಿಯಾ ದಾಟಿ ನೇರ ಈಜಿಪ್ಟಿಗೆ! ಮುಂದಿನ ಹನ್ನೊಂದು ದಿನಗಳಲ್ಲಿ ಅರಬ್ ದೇಶಗಳು ತೈಲದ ಕೈ ಬಿಗಿ ಮಾಡುವ ತೀರ್ಮಾನ ಕೈಗೊಂಡವು. ಕೆಲವೇ ತಿಂಗಳಲ್ಲಿ ಕಚ್ಚಾ ತೈಲದ ಬೆಲೆ ನಾಲ್ಕು ಪಟ್ಟಾಯಿತು. ಪೆಟ್ರೋಲ್ ನಂಬಿ ಮನೆ ಬಿಟ್ಟವನಿಗೆ ಇದಕ್ಕಿಂತ ಕೆಟ್ಟ ಮುಹೂರ್ತ ಯಾವ ಪಂಚಾಂಗದಲ್ಲೂ ಸಿಗಲಾರದು.

ಒಂದು ವಾರ ಕಾದು ನೋಡೋಣ ಎಂದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಒಂದು ವಾರ ಕಾಯುವುದು ಒಂದು ತಿಂಗಳಾಗುತ್ತದೆ, ತಿಂಗಳು ವರ್ಷವಾಗುತ್ತದೆ. ಸೈಮನ್ ಕಾಯಲಿಲ್ಲ. ಯುದ್ಧದ ನೆರಳಿನಲ್ಲೇ ಈಜಿಪ್ಟನ್ನು ದಾಟಿ, ಸುಡಾನಿನ ಮರಳಿಗಿಳಿದು, ಆಫ್ರಿಕದ ತುದಿ ಮುಟ್ಟಿದರು. ಬ್ರೆಜಿಲ್‌ನಲ್ಲಿ ಪೊಲೀಸರ ಬಂಧನದಲ್ಲಿ ದಿನಗಳನ್ನು ಕಳೆದರು. ದಕ್ಷಿಣ ಅಮೆರಿಕ, ಕ್ಯಾಲಿಫೋರ್ನಿಯಾ, ಆಸ್ಟ್ರೇಲಿಯ, ಮಲೇಷ್ಯಾ ಮುಗಿಸಿ ಮದರಾಸಿನಲ್ಲಿ ಇಳಿದರು. ಭಾರತದಲ್ಲಿ ಒಬ್ಬರು ಅವರನ್ನು ನೋಡಿ 'ಜ್ಯುಪಿಟರ್' ಎಂದರು. ಅಂದರೆ ನಮ್ಮ ನವಗ್ರಹಗಳ ಗುರು. ಪುಸ್ತಕಕ್ಕೆ 'ಜ್ಯುಪಿಟರ್ಸ್ ಟ್ರಾವೆಲ್ಸ್' ಎಂಬ ಹೆಸರು ಬಂದದ್ದು ಹಾಗೆ. ನಾಲ್ಕು ವರ್ಷ, ಒಂದು ಲಕ್ಷ ಕಿಲೋಮೀಟರಿಗೂ ಹೆಚ್ಚು ದೂರ ಕಳೆದು 1977ರಲ್ಲಿ ಅವರು ಇಂಗ್ಲೆಂಡಿಗೆ ಮರಳಿದರು. ಆ ಬೈಕು ಕವೆಂಟ್ರಿಯ ಸಾರಿಗೆ ವಸ್ತುಸಂಗ್ರಹಾಲಯ ಸೇರಿತು.

ಹಳೆಯ ಬೈಕು, ಸ್ವಂತ ದುಡ್ಡು

ಸೈಮನ್‌ಗೆ ಪತ್ರಿಕೆಯ ಬೆಂಬಲವಿತ್ತು, ಫುಲ್ಟನ್‌ಗೆ ಕಾರ್ಖಾನೆಯ ಬೈಕು ಸಿಕ್ಕಿತ್ತು. ಏನೂ ಸಿಗದವರ ಗತಿ? ಅದಕ್ಕೆ ಉತ್ತರ ಎಲ್ಸ್‌ಪೆತ್ ಬಿಯರ್ಡ್.

1982ರಲ್ಲಿ ಲಂಡನ್ನಿನ ಈ ವಾಸ್ತುಶಿಲ್ಪ ವಿದ್ಯಾರ್ಥಿನಿಗೆ 23 ವರ್ಷ. ಆಕೆಯ ಹತ್ತಿರ ಇದ್ದದ್ದು 1974ರಲ್ಲಿ ತಯಾರಾದ ಒಂದು ಬಿ.ಎಂ.ಡಬ್ಲ್ಯೂ. ಬೈಕು, ಅದೂ ಬೇರೆಯವರು ಓಡಿಸಿ ಮಾರಿದ್ದು. ಹೆಣ್ಣುಮಗಳೊಬ್ಬಳು ಒಂಟಿಯಾಗಿ ಪ್ರಪಂಚ ಸುತ್ತುತ್ತೇನೆ ಎಂದಾಗ ಹಣ ಹಾಕಲು ಯಾರೂ ಮುಂದೆ ಬರಲಿಲ್ಲ. ಮದ್ಯದಂಗಡಿಯಲ್ಲಿ ಕೆಲಸ ಮಾಡಿ ದುಡ್ಡು ಕೂಡಿಸಿದಳು. ಬೈಕನ್ನು ಹಡಗಿನಲ್ಲಿ ನ್ಯೂಯಾರ್ಕಿಗೆ ಸಾಗಿಸಿ, ಅಲ್ಲಿಂದ ಪ್ರಯಾಣ ಶುರು ಮಾಡಿದಳು.

ಪೂರ್ತಿ ಪ್ರಯಾಣಕ್ಕೆ ಸಾಲುವಷ್ಟು ದುಡ್ಡು ಅವಳಲ್ಲಿರಲಿಲ್ಲ ಎಂಬುದನ್ನು ಗಮನಿಸಬೇಕು. ಸಿಡ್ನಿಯಲ್ಲಿ ಕೈ ಬರಿದಾದಾಗ ತಿಂಗಳುಗಟ್ಟಲೆ ವಾಸ್ತುಶಿಲ್ಪಿಗಳ ಕಚೇರಿಯಲ್ಲಿ ದುಡಿದಳು. ಬೀಗ ಹಾಕಬಹುದಾದ ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಅಲ್ಲಿಯೇ ತಾನೇ ಮಾಡಿ ಬೈಕಿಗೆ ಕೂರಿಸಿದಳು. ಸಿಂಗಪುರದಲ್ಲಿ ಪಾಸ್‌ಪೋರ್ಟೂ ಉಳಿದ ಕಾಗದಪತ್ರಗಳೂ ಕಳುವಾದವು. ಎಲ್ಲವನ್ನೂ ಮತ್ತೆ ಮಾಡಿಸಿಕೊಂಡು ಭಾರತ, ಪಾಕಿಸ್ತಾನ, ಇರಾನ್ ಮಾರ್ಗವಾಗಿ 1984ರಲ್ಲಿ ಲಂಡನ್ ಸೇರಿದಳು. ಓಡಿಸಿದ್ದು ಸುಮಾರು 56,000 ಕಿಲೋಮೀಟರ್. ಬೈಕಿನಲ್ಲಿ ಭೂಮಿ ಸುತ್ತಿದ ಮೊದಲ ಬ್ರಿಟಿಷ್ ಮಹಿಳೆ ಎಂಬ ಹೆಸರು ಬಂತು. ಆದರೆ ಆಕೆಯ ಪುಸ್ತಕ 'ಲೋನ್ ರೈಡರ್' ಹೊರಬಂದದ್ದು 2017ರಲ್ಲಿ, ಮೂರು ದಶಕ ಕಳೆದ ಮೇಲೆ!

ಕಾಗದದ ಕೋಟೆ

ಮನಸ್ಸು ಗಟ್ಟಿಯಾದ ಮೇಲೆ ಎದುರಾಗುವುದು ಕಾಗದದ ಕೋಟೆ. ಮನುಷ್ಯನಿಗೆ ಪಾಸ್‌ಪೋರ್ಟ್ ಇರುವಂತೆ ಬೈಕಿಗೂ ಒಂದು ಬೇಕು. ಅದರ ಹೆಸರು 'ಕಾರ್ನೆ ದ ಪಸಾಜ್'. ಫ್ರೆಂಚ್ ಹೆಸರಿನ ಈ ಪುಸ್ತಕದ ಕೆಲಸ ತೀರಾ ಸರಳ. ಒಂದು ದೇಶದೊಳಗೆ ಹೊರನಾಡಿನ ವಾಹನ ತಂದರೆ ಆಮದು ಸುಂಕ ಕಟ್ಟಬೇಕು. ಕೆಲವು ದೇಶಗಳಲ್ಲಿ ಈ ಸುಂಕ ಬೈಕಿನ ಬೆಲೆಗಿಂತಲೂ ಹೆಚ್ಚು. 'ಇದನ್ನು ನಿಮ್ಮಲ್ಲಿ ಮಾರುವುದಿಲ್ಲ, ವಾಪಸು ಒಯ್ಯುತ್ತೇನೆ' ಎಂದು ಸವಾರ ಬಾಯಲ್ಲಿ ಹೇಳಿದರೆ ಸುಂಕದ ಅಧಿಕಾರಿ ನಂಬುತ್ತಾನೆಯೆ? ಅದಕ್ಕಾಗಿ ಸವಾರನ ದೇಶದ ವಾಹನ ಸಂಘ ಜಾಮೀನು ನಿಲ್ಲುತ್ತದೆ. ಸಂಘಕ್ಕೆ ಸವಾರ ಠೇವಣಿಯನ್ನೋ ಬ್ಯಾಂಕ್ ಖಾತರಿಯನ್ನೋ ಕೊಡಬೇಕು.

ಪುಸ್ತಕದ ಒಂದೊಂದು ಹಾಳೆಯಲ್ಲೂ ಮೂರು ಭಾಗ. ದೇಶದೊಳಗೆ ಹೋಗುವಾಗ ಒಂದು ಭಾಗವನ್ನು ಹರಿದುಕೊಳ್ಳುತ್ತಾರೆ, ಹೊರಬೀಳುವಾಗ ಇನ್ನೊಂದನ್ನು. ಮೂರನೆಯದು ಪುಸ್ತಕದಲ್ಲೇ ಉಳಿಯುತ್ತದೆ, ಅದರ ಮೇಲೆ ಎರಡೂ ಕಡೆಯ ಮೊಹರು ಬೀಳಬೇಕು. ಹೊರಬೀಳುವಾಗಿನ ಮೊಹರು ಹಾಕಿಸಲು ಮರೆತರೆ, ಬೈಕು ಆ ದೇಶದಲ್ಲೇ ಉಳಿಯಿತು ಎಂದು ಲೆಕ್ಕ. ಠೇವಣಿಗೆ ಸಂಚಕಾರ! ಕಾರ್ನೆಯ ಅವಧಿ ಸಾಮಾನ್ಯವಾಗಿ ಒಂದು ವರ್ಷ. ಎಲ್ಲ ದೇಶಗಳೂ ಇದನ್ನು ಕೇಳುವುದಿಲ್ಲ. ದಕ್ಷಿಣ ಅಮೆರಿಕದ ಬಹುತೇಕ ಗಡಿಗಳಲ್ಲಿ ಸ್ಥಳದಲ್ಲೇ ತಾತ್ಕಾಲಿಕ ಪರವಾನಗಿ ಕೊಡುತ್ತಾರೆ. ಚೀನಾದಲ್ಲಾದರೋ ಹೊರದೇಶದ ವಾಹನಕ್ಕೆ ಮೊದಲೇ ಅನುಮತಿ ಪಡೆದು, ಸ್ಥಳೀಯ ಮಾರ್ಗದರ್ಶಿಯನ್ನು ಜೊತೆಯಲ್ಲಿಟ್ಟುಕೊಂಡು ಸಾಗಬೇಕು.

ಭಾರತದಿಂದ ಹೊರಡುವವರಿಗೆ ಅಂತಾರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಪ್ರಾದೇಶಿಕ ಸಾರಿಗೆ ಕಚೇರಿ ಕೊಡುತ್ತದೆ. ಅದರ ಅವಧಿಯೂ ಒಂದು ವರ್ಷ ಮಾತ್ರ. ಆಫ್ರಿಕ ಅಥವಾ ದಕ್ಷಿಣ ಅಮೆರಿಕ ದಾರಿಯಲ್ಲಿದ್ದರೆ ಹಳದಿ ಜ್ವರದ ಲಸಿಕೆಯ ಕಾರ್ಡು ಬೇಕು. ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಅದು ಊರ್ಜಿತವಾಗುತ್ತದೆ. ಇಷ್ಟರ ಮೇಲೆ ಒಂದೊಂದು ದೇಶದ ವೀಸಾ, ಒಂದೊಂದು ಗಡಿಯಲ್ಲಿ ವಿಮೆ.

ನೆಲದ ದಾರಿ ಮುಗಿದಲ್ಲಿ ಹಡಗೋ ವಿಮಾನವೋ ಬೇಕು. ಬೈಕನ್ನು ಮರದ ಪೆಟ್ಟಿಗೆಯಲ್ಲಿ ಕಟ್ಟುವ ಮುನ್ನ ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಬೇಕು, ಬ್ಯಾಟರಿಯ ವೈರು ಬಿಚ್ಚಬೇಕು. ಪೆಟ್ಟಿಗೆ ಚಿಕ್ಕದಾದಷ್ಟೂ ಬಾಡಿಗೆ ಕಡಿಮೆ. ಆದ್ದರಿಂದ ಮುಂದಿನ ಗಾಲಿ ಕಳಚಿ, ಹ್ಯಾಂಡಲ್ ಸಡಿಲಿಸಿ ಮಡಚುತ್ತಾರೆ. ಹಡಗು ಬಂದರು ಸೇರಿದ ಮೇಲೂ ಸುಂಕದ ಕಟ್ಟೆಯಿಂದ ಬೈಕು ಬಿಡಿಸಿಕೊಳ್ಳಲು ದಿನಗಟ್ಟಲೆ ಕಾಯುವುದುಂಟು.

ಏನನ್ನು ಬಿಟ್ಟು ಹೋಗುವುದು?

ಇಷ್ಟಾದ ಮೇಲೆ ಗಂಟುಮೂಟೆ. ಹೊಸಬರ ಬೈಕು ಮದುವೆಗೆ ಹೊರಟ ಎತ್ತಿನ ಗಾಡಿಯಂತೆ ತುಂಬಿರುತ್ತದೆ. ಡೇರೆ, ಒಲೆ, ಪಾತ್ರೆ, ಎರಡು ಜೊತೆ ಬೂಟು, ಮಳೆ ಅಂಗಿ, ಪುಸ್ತಕ, ಔಷಧಿ ಹೀಗೆ. ಹಿಂಬದಿಗೆ ಭಾರ ಹೆಚ್ಚಾದರೆ ಮುಂದಿನ ಗಾಲಿ ಹಗುರಾಗಿ, ಮರಳಿನಲ್ಲಿ ಹಿಡಿತ ತಪ್ಪುತ್ತದೆ. ಮೊದಲ ಸಲ ಬಿದ್ದು, ಒಬ್ಬರೇ ಬೈಕು ಎತ್ತಿ ನಿಲ್ಲಿಸಬೇಕಾದಾಗ ಏನು ಬೇಕು, ಏನು ಬೇಡ ಎಂಬುದು ತಾನಾಗಿ ಗೊತ್ತಾಗುತ್ತದೆ. ಬಿಟ್ಟುಕೊಡಲಾಗದ್ದು ಸ್ವಲ್ಪವೇ: ಪಂಕ್ಚರ್ ಹಾಕುವ ಸಾಮಾನು, ಬಿಡಿ ಟ್ಯೂಬು, ಕ್ಲಚ್ಚು ಮತ್ತು ಆಕ್ಸಿಲರೇಟರಿನ ಕೇಬಲ್ಲು, ಸ್ಪಾನರುಗಳು, ಕಾಗದಗಳ ಪ್ರತಿಗಳು.

ತೂಕಕ್ಕೆ ಹಾಕಲಾಗದ ಸಾಮಾನೂ ಇದೆ. ತಂದೆತಾಯಿಯ ಕಣ್ಣೀರು, ಬಿಡಬೇಕಾದ ಕೆಲಸ, 'ಇವನಿಗೇನು ತಲೆ ಕೆಟ್ಟಿದೆಯೆ' ಎನ್ನುವ ನೆಂಟರು. ಮನೆಯವರ ಭಯವನ್ನು ಹಗುರವಾಗಿ ಕಾಣುವಂತಿಲ್ಲ. ದೂರದ ರಸ್ತೆಯಲ್ಲಿ ಬಿದ್ದು ಮೂಳೆ ಮುರಿದುಕೊಂಡವರಿದ್ದಾರೆ, ಮರಳಿ ಬಾರದವರೂ ಇದ್ದಾರೆ. ವೈದ್ಯಕೀಯ ವಿಮೆ ಮಾಡಿಸುವುದು, ಎಲ್ಲಿದ್ದೇವೆಂದು ವಾರಕ್ಕೊಮ್ಮೆಯಾದರೂ ಮನೆಗೆ ತಿಳಿಸುವುದು, ಕತ್ತಲಾದ ಮೇಲೆ ಓಡಿಸದಿರುವುದು ಇವು ಆ ಭಯಕ್ಕೆ ಸವಾರ ಸಲ್ಲಿಸಬೇಕಾದ ಗೌರವ.

ಕಾಲ ಬದಲಾಗಿದೆ ನಿಜ. 2004ರಲ್ಲಿ ಸಿನಿಮಾ ನಟ ಇವಾನ್ ಮೆಕ್‌ಗ್ರೆಗರ್ ತನ್ನ ಗೆಳೆಯ ಚಾರ್ಲಿ ಬೂರ್ಮನ್ ಜೊತೆ ಲಂಡನ್ನಿನಿಂದ ಪೂರ್ವಕ್ಕೆ ಹೊರಟು ನ್ಯೂಯಾರ್ಕ್ ಸೇರಿದಾಗ ಬೆಂಬಲಕ್ಕೆ ವಾಹನಗಳೂ ಕ್ಯಾಮೆರಾ ತಂಡವೂ ಇದ್ದವು. ಅವರಿಗೂ ಪ್ರೇರಣೆ ಟೆಡ್ ಸೈಮನ್ನರ ಪುಸ್ತಕವೇ. ನಮ್ಮ ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ 2018ರಲ್ಲಿ ಬೆಂಗಳೂರಿನಿಂದ ಬೈಕೇರಿ ಸಿಡ್ನಿಯ ದಾರಿ ಹಿಡಿದರು. ಈಗ ದಾರಿ ತೋರಲು ಉಪಗ್ರಹವಿದೆ, ಕಿಸೆಯಲ್ಲಿ ಫೋನಿದೆ. ಆದರೆ ಸ್ಟ್ಯಾಂಡ್ ತೆಗೆದು ಗೇರು ಹಾಕುವ ಕೆಲಸವನ್ನು ಯಾವ ಯಂತ್ರವೂ ಮಾಡಿಕೊಡುವುದಿಲ್ಲ.

ಟೆಡ್ ಸೈಮನ್ ಅಷ್ಟಕ್ಕೇ ನಿಲ್ಲಲಿಲ್ಲ. 2001ರಲ್ಲಿ, ತಮ್ಮ 69ನೇ ವಯಸ್ಸಿನಲ್ಲಿ, ಹಳೆಯ ದಾರಿಯನ್ನೇ ಹಿಡಿದು ಮತ್ತೊಮ್ಮೆ ಹೊರಟರು. ಕೀನ್ಯಾದಲ್ಲಿ ಬಿದ್ದು ಕಾಲು ಮುರಿಯಿತು. ವಾಸಿಯಾದ ಮೇಲೆ ಮತ್ತೆ ಬೈಕು ಹತ್ತಿದರು. ಮೊದಲ ಬಾರಿ ಪರವಾನಗಿಯೇ ಇಲ್ಲದೆ ಯೋಚನೆ ಮಾಡಿದವರಿಗೆ ಎರಡನೇ ಬಾರಿ ಮುಪ್ಪು ಅಡ್ಡಿಯೆನಿಸಲಿಲ್ಲ. ಸರಿಯಾದ ವಯಸ್ಸು, ಸಾಕಷ್ಟು ದುಡ್ಡು, ಜಗತ್ತೆಲ್ಲ ಶಾಂತವಾಗಿರುವ ದಿನ ಈ ಮೂರೂ ಒಟ್ಟಿಗೆ ಕೂಡಿಬರಲಿ ಎಂದು ಕಾಯುವವರ ಬೈಕು ಅಂಗಳದಲ್ಲೇ ತುಕ್ಕು ಹಿಡಿಯುತ್ತದೆ.