ಇನ್ನೆಷ್ಟು ಹೊತ್ತು, ಮಿಸ್?

“ಇನ್ನೈದೇ ನಿಮಿಷ, ಬೇಗ ಬೇಗ ಬರೀರಿ.” ಒಂದನೇ ತರಗತಿಯಲ್ಲಿ ಈ ಮಾತು ಆಡಿದರೆ ಮಕ್ಕಳಿಗೆ ತಲುಪುವುದು ‘ಬೇಗ ಬೇಗ’ ಅನ್ನುವಷ್ಟು ಮಾತ್ರ. ಆರು ವರ್ಷದ ಮಗುವಿಗೆ ಐದು ನಿಮಿಷ ಎಂದರೆ ದೊಡ್ಡವರು ಹೇಳುವ ಒಂದು ಮಾತು, ಅದೂ ಅಷ್ಟೇನೂ ನಂಬಿಕೆಯಿಲ್ಲದ ಮಾತು. ಮನೆಯಲ್ಲಿ ಅಮ್ಮ “ಐದು ನಿಮಿಷ ಇರು, ಬಂದೆ” ಅಂದದ್ದು ಅರ್ಧ ಗಂಟೆಗೆ ಹೋಗಿರುತ್ತದೆ. ಆಟ ನಿಲ್ಲಿಸಬೇಕಾದಾಗ ಅದೇ ಐದು ನಿಮಿಷ ಎಲ್ಲಿ ಹೋಯಿತೋ ಗೊತ್ತೇ ಆಗಿರುವುದಿಲ್ಲ.

ಅಮೆರಿಕದ ಸಿನ್ಸಿನಾಟಿಯ ಜ್ಯಾನ್ ರೋಜರ್ಸ್ ಎಂಬ ತಾಯಿಗೆ 1990ರ ದಶಕದಲ್ಲಿ ಇದೇ ತಾಪತ್ರಯ ಎದುರಾಯಿತು. ನಾಲ್ಕು ವರ್ಷದ ಮಗಳದು ಮೂರು ಹೊತ್ತೂ ಒಂದೇ ಪ್ರಶ್ನೆ: ಇನ್ನೆಷ್ಟು ಹೊತ್ತು? ಗಡಿಯಾರ ತೋರಿಸಿದರೂ ಮಗುವಿಗೆ ಅರ್ಥವಾಗುತ್ತಿರಲಿಲ್ಲ, ಅಡುಗೆಮನೆಯ ಟೈಮರ್‌ನಿಂದಲೂ ಉಪಯೋಗವಾಗಲಿಲ್ಲ. ಕೊನೆಗೆ ರೋಜರ್ಸ್ ಗಡಿಯಾರದಂಥ ಮುಖದ ಮೇಲೆ ಒಂದು ಕೆಂಪು ತಟ್ಟೆ ಕೂರಿಸಿದರು. ಅರ್ಧ ಗಂಟೆ ಬೇಕೆಂದರೆ ಕೆಂಪನ್ನು ಅರ್ಧ ವೃತ್ತದಷ್ಟು ಎಳೆದಿಡುವುದು. ಹೊತ್ತು ಕಳೆದಂತೆ ಅದು ಕಿರಿದಾಗುತ್ತಾ ಬಂದು ಕೊನೆಗೆ ಮಾಯವಾಗುತ್ತದೆ. ‘ಟೈಮ್ ಟೈಮರ್’ ಎಂಬ ಹೆಸರಿನಲ್ಲಿ ಇದು ಅಮೆರಿಕದ ಶಾಲೆಗಳಿಗೆ, ಅದರಲ್ಲೂ ವಿಶೇಷ ಅಗತ್ಯವುಳ್ಳ ಮಕ್ಕಳ ತರಗತಿಗಳಿಗೆ ಹೋಯಿತು. ಇಂದು ಸ್ಮಾರ್ಟ್ ಬೋರ್ಡ್ ಇರುವ ಕಡೆಯಲ್ಲೆಲ್ಲ ಇದರ ನೂರಾರು ತದ್ರೂಪುಗಳು ಸಿಗುತ್ತವೆ.

ಮುಳ್ಳಿನ ಗಡಿಯಾರ ಓದುವುದು ಎಷ್ಟು ಕಷ್ಟ ಎಂಬುದು ಕಲಿತವರಿಗೆ ಮರೆತೇ ಹೋಗಿರುತ್ತದೆ. ಎರಡು ಮುಳ್ಳು, ಬರೆದಿರುವ ಅಂಕಿ ಹನ್ನೆರಡು. ದೊಡ್ಡ ಮುಳ್ಳು ಮೂರರ ಮೇಲಿದ್ದರೆ ಹದಿನೈದು ಎಂದು ಓದಬೇಕು, ಚಿಕ್ಕದಿದ್ದರೆ ಮೂರು ಎಂದು. ‘ಹನ್ನೊಂದೂ ಇಪ್ಪತ್ತಕ್ಕೆ ಮುಗಿಸಬೇಕು’ ಅಂದರೆ ಈಗ ಎಷ್ಟಾಗಿದೆ ನೋಡಿ, ಅರವತ್ತರ ಲೆಕ್ಕದಲ್ಲಿ ಕಳೆದು, ಉಳಿದದ್ದು ಹೆಚ್ಚೋ ಕಡಿಮೆಯೋ ಎಂದು ತೂಗಬೇಕು. ಡಿಜಿಟಲ್ ಗಡಿಯಾರದಲ್ಲಿ ಓದುವುದೇನೋ ಸುಲಭ, ಆದರೆ ಕಳೆಯುವ ಲೆಕ್ಕ ಅಲ್ಲೂ ತಪ್ಪಿದ್ದಲ್ಲ. ಕೆಂಪು ತಟ್ಟೆಯಲ್ಲಿ ಲೆಕ್ಕವೇ ಇಲ್ಲ. ಎಷ್ಟು ಕೆಂಪು ಇದೆಯೋ ಅಷ್ಟು ಹೊತ್ತು ಇದೆ.

ಹಾಗೆಂದು ಮಗು ಮೊದಲ ದಿನವೇ ಅದನ್ನು ಅರ್ಥ ಮಾಡಿಕೊಂಡುಬಿಡುತ್ತದೆ ಅನ್ನುವಂತಿಲ್ಲ. 1928ರಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್‌ನಲ್ಲಿ ಐನ್‌ಸ್ಟೈನ್ ಅವರು ಮನೋವಿಜ್ಞಾನಿ ಜೀನ್ ಪಿಯಾಜೆಗೆ, ಕಾಲದ ಅರಿವು ಮನುಷ್ಯನಿಗೆ ಹುಟ್ಟಿನಿಂದ ಬಂದದ್ದೋ ಅಥವಾ ವೇಗದಂಥ ಬೇರೆ ಅರಿವಿನಿಂದ ಮೂಡಿದ್ದೋ ಎಂದು ಕೇಳಿದ್ದರಂತೆ. ಅದಕ್ಕೆ ಉತ್ತರವಾಗಿ ಪಿಯಾಜೆ 1946ರಲ್ಲಿ ಒಂದಿಡೀ ಪುಸ್ತಕವನ್ನೇ ಪ್ರಕಟಿಸಿದರು. ಅದರ ಒಂದು ಪ್ರಯೋಗದಲ್ಲಿ ಮರಳು ಗಡಿಯಾರ ಎದುರಿಗಿಟ್ಟು ಮಕ್ಕಳಿಂದ ಒಂದೇ ಕೆಲಸವನ್ನು ಒಮ್ಮೆ ನಿಧಾನವಾಗಿ, ಒಮ್ಮೆ ಅವಸರವಾಗಿ ಮಾಡಿಸಿದರು. ತಮ್ಮ ಕೈಯ ವೇಗ ಬದಲಾದಂತೆ ಮರಳಿನ ವೇಗವೂ ಬದಲಾಯಿತೆಂದೇ ಅನೇಕ ಪುಟ್ಟ ಮಕ್ಕಳು ಹೇಳಿದರು! ಕಾಲ ಎಲ್ಲರಿಗೂ ಒಂದೇ ಸಮನಾಗಿ ಸಾಗುತ್ತದೆ ಎಂಬುದು ಕಲಿತು ಬರಬೇಕಾದ ತಿಳಿವಳಿಕೆ. ಆದ್ದರಿಂದ ಟೈಮರ್ ಅನ್ನು ಬರೀ ಪರೀಕ್ಷೆಯ ದಿನ ಹೊರತೆಗೆದರೆ ಪ್ರಯೋಜನವಿಲ್ಲ. ಪುಸ್ತಕ ಜೋಡಿಸಿಡುವುದು, ಕೈ ತೊಳೆದು ಬರುವುದು, ಚಿತ್ರಕ್ಕೆ ಬಣ್ಣ ತುಂಬುವುದು ಇಂಥ ದಿನನಿತ್ಯದ ಕೆಲಸಗಳ ಜೊತೆ ಅದು ವಾರಗಟ್ಟಲೆ ಓಡಬೇಕು.

ಮಿದುಳು ಕಾಲವನ್ನು ಹೇಗೆ ಅಳೆಯುತ್ತದೆ? ಮನೋವಿಜ್ಞಾನಿಗಳು ಬಹುಕಾಲದಿಂದ ಬಳಸುತ್ತಿರುವ ಒಂದು ಮಾದರಿ ಇದೆ. 1963ರಲ್ಲಿ ಬ್ರಿಟನ್ನಿನ ಮಿಶೆಲ್ ಟ್ರೈಸ್ಮನ್ ರೂಪಿಸಿದ್ದು. ಒಳಗೆಲ್ಲೋ ಮಿಡಿತಗಳು ಹುಟ್ಟುತ್ತಿರುತ್ತವೆ, ಇನ್ನೊಂದೆಡೆ ಅವು ಕೂಡುತ್ತವೆ, ಕೂಡಿದ್ದು ಹೆಚ್ಚಾದರೆ ‘ತುಂಬ ಹೊತ್ತಾಯಿತು’ ಅನ್ನಿಸುತ್ತದೆ. 1995ರಲ್ಲಿ ಡಾನ್ ಜಾಕಾಯ್ ಮತ್ತು ರಿಚರ್ಡ್ ಬ್ಲಾಕ್ ಈ ಎರಡರ ನಡುವೆ ಗಮನ ಎಂಬ ಬಾಗಿಲನ್ನಿಟ್ಟರು. ಗಮನ ಕಾಲದ ಮೇಲಿದ್ದರೆ ಬಾಗಿಲು ಅಗಲ, ಮಿಡಿತಗಳೆಲ್ಲ ದಾಟುತ್ತವೆ. ಗಮನ ಬೇರೆಲ್ಲೋ ಇದ್ದರೆ ಬಾಗಿಲು ಕಿರಿದು, ಬಹುಪಾಲು ಲೆಕ್ಕಕ್ಕೇ ಸಿಗುವುದಿಲ್ಲ. ಮಿದುಳಿನ ಯಾವುದೋ ಒಂದು ಮೂಲೆಯಲ್ಲಿ ಇಂಥ ಯಂತ್ರ ಇದೆ ಎಂದಲ್ಲ, ಇದು ಮಾದರಿ. ಆದರೆ ತರಗತಿಯಲ್ಲಿ ಕಾಣುವುದನ್ನು ಇದು ಚೆನ್ನಾಗಿ ವಿವರಿಸುತ್ತದೆ. ಚಿತ್ರದಲ್ಲಿ ಮುಳುಗಿದ ಹುಡುಗಿಗೆ ಹತ್ತು ನಿಮಿಷ ಮೂರರಂತೆ, ಲಾಂಗ್ ಬೆಲ್‌ಗೆ ಕಾಯುವ ಹುಡುಗನಿಗೆ ಮೂರು ಹತ್ತರಂತೆ.

ಪುಟ್ಟ ಮಕ್ಕಳಲ್ಲಿ ಈ ಬಾಗಿಲು ಇನ್ನೂ ಸಡಿಲ. ಅವರ ಗಮನ ಬೇಗ ಕದಲುತ್ತದೆ, ಕದಲಿದಾಗಲೆಲ್ಲ ಕಾಲದ ಲೆಕ್ಕ ತಪ್ಪುತ್ತದೆ. ಎಡಿಎಚ್‌ಡಿ ಎಂಬ ಗಮನದ ತೊಂದರೆ ಇರುವ ಮಕ್ಕಳು ಅವಧಿಯನ್ನು ಅಂದಾಜು ಮಾಡುವಲ್ಲಿ ಉಳಿದವರಿಗಿಂತ ಹೆಚ್ಚು ತಪ್ಪುತ್ತಾರೆಂದು ಅನೇಕ ಅಧ್ಯಯನಗಳು ತೋರಿಸಿವೆ. ಕಾಲವನ್ನು ತಲೆಯಿಂದ ಹೊರಗಿಟ್ಟು ಕಣ್ಣಿಗೆ ಕಾಣುವಂತೆ ಮಾಡಬೇಕು ಎಂಬುದು ಈ ವಿಷಯದಲ್ಲಿ ಹೆಸರಾದ ಅಮೆರಿಕದ ಮನೋವಿಜ್ಞಾನಿ ರಸೆಲ್ ಬಾರ್ಕ್ಲಿ ಅವರ ಸಲಹೆ. ಟೈಮರ್‌ನ ನಿಜವಾದ ಉಪಕಾರ ಅದೇ ಎಂದು ನನಗನ್ನಿಸುತ್ತದೆ. ಕಾಲ ಕಾಯುವ ಕೆಲಸ ಗೋಡೆಗೆ ಹೋದರೆ ಮಗುವಿನ ಗಮನ ಪುಸ್ತಕಕ್ಕೆ ಉಳಿಯುತ್ತದೆ.

ಉಳಿಯಬೇಕಾದರೆ ಗೋಡೆಯ ಮೇಲಿನದು ತೆಪ್ಪಗಿರಬೇಕು. ಅರವತ್ತು ನಿಮಿಷದ ಕೆಂಪು ತಟ್ಟೆ ಸೆಕೆಂಡಿಗೆ ಸರಿಯುವುದು ಒಂದು ಡಿಗ್ರಿಯ ಹತ್ತನೇ ಒಂದು ಭಾಗ. ಅದು ಸರಿಯುವುದನ್ನು ಕಣ್ಣು ಹಿಡಿಯಲಾರದು, ತಲೆಯೆತ್ತಿ ನೋಡಿದಾಗ ಮೊದಲಿಗಿಂತ ಕಿರಿದಾಗಿದೆ ಎಂದಷ್ಟೇ ತಿಳಿಯುತ್ತದೆ. ಸೆಕೆಂಡಿನ ಅಂಕಿ ತೋರಿಸುವ ಟೈಮರ್ ಐದು ನಿಮಿಷದಲ್ಲಿ ಮುನ್ನೂರು ಸಲ ಬದಲಾಗುತ್ತದೆ. ಕಣ್ಣಂಚಿನಲ್ಲಿ ಏನಾದರೂ ಮಿಸುಕಿದರೆ ಅತ್ತ ತಿರುಗುವುದು ನಮ್ಮ ಕಣ್ಣಿನ ಜನ್ಮಗುಣ, ಮಕ್ಕಳದಂತೂ ಹೇಳುವುದೇ ಬೇಡ. ಇನ್ನು ಪರದೆಯ ಮೇಲೆ ಓಡುವ ಮೊಲ, ಬತ್ತಿ ಉರಿಯುವ ಬಾಂಬು, ಹಿನ್ನೆಲೆಗೆ ಡೋಲು, ಕೊನೆಗೆ ‘ಢಂ’! ಅಂಥವನ್ನು ಹಾಕಿದ ಮೇಲೆ ಮಕ್ಕಳು ಲೆಕ್ಕ ಮಾಡುತ್ತಿಲ್ಲವೆಂದು ಬೈಯುವುದರಲ್ಲಿ ಅರ್ಥವಿಲ್ಲ. ಅವರು ಸಿನಿಮಾ ನೋಡುತ್ತಿದ್ದಾರೆ.

ಇಳಿಯುವ ಹೊತ್ತನ್ನು ಕಣ್ಣಿಂದ ನೋಡುವ ಉಪಾಯ ಅಮೆರಿಕದಲ್ಲೇ ಮೊದಲು ಹುಟ್ಟಿದ್ದೇನಲ್ಲ. ನಮ್ಮಲ್ಲಿ ಮದುವೆಯ ಮುಹೂರ್ತಕ್ಕೆ ಇಡುತ್ತಿದ್ದ ಗಳಿಗೆ ಬಟ್ಟಲು ಅಂಥದ್ದೇ. ತಳದಲ್ಲಿ ಸೂಜಿತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಟ್ಟರೆ, ಅದು ತುಂಬಿ ಮುಳುಗುವುದಕ್ಕೆ 24 ನಿಮಿಷ, ಅಂದರೆ ಒಂದು ಗಳಿಗೆ. ಹಗಲು ರಾತ್ರಿ ಸೇರಿ ಅರವತ್ತು ಸಲ ಮುಳುಗುತ್ತದೆಂದು ‘ಸೂರ್ಯಸಿದ್ಧಾಂತ’ ಹೇಳುತ್ತದೆ. ಏಳನೇ ಶತಮಾನದಲ್ಲಿ ಭಾರತಕ್ಕೆ ಬಂದ ಚೀನಾದ ಯಾತ್ರಿಕ ಇತ್ಸಿಂಗ್ ನಾಲಂದದಂಥ ದೊಡ್ಡ ವಿಹಾರಗಳಲ್ಲಿ ಇದನ್ನು ನೋಡಿದ್ದ. ರಾಜರು ಕೊಟ್ಟ ಆ ಬಟ್ಟಲನ್ನು ಕಾಯುವುದಕ್ಕೆಂದೇ ಹುಡುಗರಿದ್ದರು, ಅದು ಮುಳುಗಿದೊಡನೆ ನಗಾರಿ ಬಾರಿಸಲಾಗುತ್ತಿತ್ತು. ಅಲ್ಲಿ ಕಲಿಯುತ್ತಿದ್ದವರ ಪೀರಿಯಡ್ ಬೆಲ್ ಅದು ಎನ್ನಬಹುದು.

ಬಟ್ಟಲಿನಿಂದ ನೀರನ್ನು ಹೊರಕ್ಕೆ ಬಿಡದೆ ಒಳಕ್ಕೆ ಬಿಟ್ಟದ್ದರಲ್ಲಿ ಜಾಣತನವಿದೆ. ತಳದಲ್ಲಿ ತೂತಿರುವ ಡಬ್ಬಿಗೆ ನೀರು ತುಂಬಿ ಸೋರಲು ಬಿಡಿ. ಮೊದಮೊದಲು ರಭಸ, ಮಟ್ಟ ಇಳಿದಂತೆ ಒತ್ತಡ ತಗ್ಗಿ ಹರಿವೂ ನಿಧಾನ. ಲೆಕ್ಕ ಹಾಕಿದರೆ, ಅರ್ಧ ಹೊತ್ತು ಕಳೆಯುವಷ್ಟರಲ್ಲಿ ಮುಕ್ಕಾಲು ನೀರು ಖಾಲಿಯಾಗಿರುತ್ತದೆ. ಇದನ್ನು ನೋಡುವ ಮಗು ‘ಇನ್ನು ಕಾಲು ಭಾಗ ಅಷ್ಟೇ’ ಎಂದು ಗಾಬರಿಬಿದ್ದರೆ ತಪ್ಪು ಮಗುವಿನದಲ್ಲ. ತೇಲುವ ಬಟ್ಟಲಿನಲ್ಲಿ ಹಾಗಾಗುವುದಿಲ್ಲ. ಬದಿಗಳು ನೆಟ್ಟಗಿದ್ದರೆ ಹೊರಗಿನ ನೀರಿಗೂ ಒಳಗಿನ ನೀರಿಗೂ ಮಟ್ಟದ ಅಂತರ ಕೊನೆಯವರೆಗೂ ಅಷ್ಟೇ ಇರುತ್ತದೆ, ಏಕೆಂದರೆ ಆ ಅಂತರವೇ ಬಟ್ಟಲಿನ ತೂಕವನ್ನು ಹೊತ್ತಿರುವುದು. ಆದ್ದರಿಂದ ನೀರು ಒಂದೇ ಸಮನೆ ಒಳಗೆ ಬರುತ್ತದೆ.

ಮರಳಿನದು ಇನ್ನೊಂದು ಬಗೆ. ಮೇಲೆ ಎಷ್ಟೇ ಮರಳಿರಲಿ, ತೂತಿನಿಂದ ಬೀಳುವ ವೇಗ ಹೆಚ್ಚುಕಡಿಮೆ ಒಂದೇ. ಕಣಗಳು ಒಂದಕ್ಕೊಂದು ಆತು ಕಮಾನು ಕಟ್ಟಿ ತಮ್ಮ ಭಾರವನ್ನು ಪಕ್ಕದ ಗೋಡೆಗೆ ದಾಟಿಸಿಬಿಡುತ್ತವೆ. ಧಾನ್ಯದ ಕಣಜಗಳಲ್ಲಿ ತಳದ ಒತ್ತಡ ಒಂದು ಮಿತಿಗಿಂತ ಏರುವುದಿಲ್ಲವೆಂದು ಜರ್ಮನ್ ಎಂಜಿನಿಯರ್ ಯಾನ್ಸೆನ್ 1895ರಲ್ಲೇ ತೋರಿಸಿದ್ದರು. ಎರಡು ಪ್ಲಾಸ್ಟಿಕ್ ಬಾಟಲಿಗಳ ಮುಚ್ಚಳಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ, ನಡುವೆ ತೂತು ಕೊರೆದು, ಜರಡಿ ಹಿಡಿದ ಒಣಮರಳು ತುಂಬಿದರೆ ತರಗತಿಯ ಟೈಮರ್ ಸಿದ್ಧ. ಮೊಬೈಲ್ ನೋಡುತ್ತಾ ನಿಮಿಷಕ್ಕೊಂದು ಗೆರೆ ಎಳೆದರೆ ಬಾಟಲಿಯ ನೇರ ಭಾಗದಲ್ಲಿ ಗೆರೆಗಳು ಸಮದೂರದಲ್ಲಿ ಬೀಳುತ್ತವೆ. ತೂತಿನ ವಿಷಯದಲ್ಲಿ ಮಾತ್ರ ಹುಷಾರು: ಅಗಲ ಎರಡು ಪಟ್ಟಾದರೆ ಮರಳಿನ ಹರಿವು ಐದೂವರೆ ಪಟ್ಟಿಗೂ ಮೀರುತ್ತದೆ. ಸಣ್ಣ ಮೊಳೆಯಿಂದಲೇ ಆರಂಭಿಸಬೇಕು.

ಅಷ್ಟೂ ಬೇಡವೆಂದರೆ ಗೋಡೆ ಗಡಿಯಾರವನ್ನು ಕೆಳಗಿಳಿಸಿ, ಗಾಜಿನ ಮೇಲೆ ಬೋರ್ಡ್ ಮಾರ್ಕರ್‌ನಿಂದ ದೊಡ್ಡ ಮುಳ್ಳು ಈಗಿರುವ ಜಾಗದಿಂದ ಮುಗಿಸಬೇಕಾದ ಜಾಗದವರೆಗೆ ಬಣ್ಣ ತುಂಬಿ. ಮುಳ್ಳು ಬಣ್ಣವನ್ನು ದಾಟಿದರೆ ಹೊತ್ತು ಮುಗಿಯಿತು. ಬಟ್ಟೆಯಲ್ಲಿ ಒರೆಸಿದರೆ ಮತ್ತೆ ಬಳಸಬಹುದು. ಕರೆಂಟು ಹೋದರೂ ಚಿಂತೆಯಿಲ್ಲ, ಮೇಲಾಗಿ ಮಕ್ಕಳಿಗೆ ಗಡಿಯಾರ ಓದುವುದೂ ಮೆಲ್ಲನೆ ಅಭ್ಯಾಸವಾಗುತ್ತದೆ. ದುಬಾರಿ ತಟ್ಟೆಗಿಂತ ನನಗೆ ಇದೇ ಮೆಚ್ಚು.

ಇನ್ನು ಟೈಮರ್‌ನ ಕೆಡುಕಿನ ಮಾತು. ಗುರಿ ಹತ್ತಿರವಾದಂತೆ ಪ್ರಾಣಿಗಳು ವೇಗ ಹೆಚ್ಚಿಸುತ್ತವೆ ಎಂದು ಕ್ಲಾರ್ಕ್ ಹಲ್ 1932ರಲ್ಲಿ ಇಲಿಗಳ ಓಟವನ್ನಿಟ್ಟುಕೊಂಡು ವಾದಿಸಿದ್ದರು. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಕೆಂಪು ಅಂಕಿ ಮೂರಕ್ಕೆ ಇಳಿದೊಡನೆ ಹಿಂದಿನಿಂದ ಹಾರ್ನ್ ಶುರುವಾಗುತ್ತದಲ್ಲ, ತರಗತಿಯಲ್ಲೂ ಹಾಗೆಯೇ: ಕೆಂಪು ಸಪೂರವಾದೊಡನೆ ಅಕ್ಷರಗಳು ಗೆರೆ ಬಿಟ್ಟು ಹಾರತೊಡಗುತ್ತವೆ. ಪುಸ್ತಕ ಎತ್ತಿಡುವ ಕೆಲಸಕ್ಕೆ ಈ ಅವಸರ ಒಳ್ಳೆಯದೇ. ಗಣಿತಕ್ಕೆ ಅಲ್ಲ. ಗಣಿತ ಕಂಡರೆ ಹೆದರುವವರಲ್ಲಿ ಆ ಹೆದರಿಕೆಯೇ ಮನಸ್ಸಿನ ತಾತ್ಕಾಲಿಕ ನೆನಪಿನ ಜಾಗವನ್ನು ಆಕ್ರಮಿಸಿಕೊಳ್ಳುತ್ತದೆ, ಲೆಕ್ಕಕ್ಕೆ ಜಾಗ ಉಳಿಯುವುದಿಲ್ಲ ಎಂದು ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕರ್ಕ್ 2001ರಲ್ಲಿ ತೋರಿಸಿದರು. ಅಂಥ ಮಗುವಿನ ಎದುರು ಕರಗುವ ತಟ್ಟೆಯಿಟ್ಟರೆ ಹೆದರಿಕೆಗೆ ಇನ್ನೊಂದು ಕಾರಣ ಕೊಟ್ಟಂತೆ. ಎಷ್ಟು ಹೊತ್ತು ಹಿಡಿಯುತ್ತದೆಂದು ಮೊದಲೇ ಗೊತ್ತಿರುವ ಕೆಲಸಕ್ಕೆ ಟೈಮರ್ ಸರಿ. ಹೊಸದಾಗಿ ಯೋಚಿಸಬೇಕಾದ ಕೆಲಸಕ್ಕೆ ಅದನ್ನು ಬೀರುವಿನಲ್ಲಿಡುವುದೇ ವಾಸಿ.

ಮತ್ತೊಂದು ವಿಷಯ, ಮೇಷ್ಟ್ರುಗಳಿಗೆ ಕೊಂಚ ಇರುಸುಮುರುಸಾದರೂ ಹೇಳಬೇಕು. ಕೆಂಪು ಮುಗಿದ ಮೇಲೂ “ಸರಿ, ಇನ್ನೆರಡು ನಿಮಿಷ” ಎಂದು ಪ್ರತಿ ಸಲ ಕೊಟ್ಟರೆ ನಾಲ್ಕೇ ದಿನದಲ್ಲಿ ಮಕ್ಕಳು ಕೆಂಪನ್ನು ನೋಡುವುದು ಬಿಟ್ಟು ಮಿಸ್ಸಿನ ಮುಖ ನೋಡತೊಡಗುತ್ತಾರೆ. ಹತ್ತು ನಿಮಿಷವೆಂದು ಇಟ್ಟು ಆರಕ್ಕೇ ನಿಲ್ಲಿಸಿದರೂ ಹಾಗೇ. ಕೆಲಸ ನಿಜಕ್ಕೂ ಮುಗಿದಿಲ್ಲವಾದರೆ, ಕೆಂಪು ಇನ್ನೂ ಇರುವಾಗಲೇ ಎಲ್ಲರೆದುರು ಕಾರಣ ಹೇಳಿ ಹೆಚ್ಚಿಸುವುದು ಬೇರೆ ಮಾತು.

ಯಾವ ಟೈಮರ್‌ಗೂ ಸಿಗದ ಒಂದು ಅವಧಿಯೂ ತರಗತಿಯಲ್ಲಿದೆ. ಅಮೆರಿಕದ ವಿಜ್ಞಾನ ಶಿಕ್ಷಣತಜ್ಞೆ ಮೇರಿ ಬಡ್ ರೋ 1970ರ ದಶಕದಲ್ಲಿ ಪಾಠಗಳ ಧ್ವನಿಮುದ್ರಣಗಳನ್ನು ಕೇಳುತ್ತಾ ಅಳೆದದ್ದು, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಎಷ್ಟು ಹೊತ್ತು ಕಾಯುತ್ತಾರೆ ಎಂಬುದನ್ನು. ಸರಾಸರಿ ಒಂದು ಸೆಕೆಂಡ್. ಅಷ್ಟರಲ್ಲಿ ಉತ್ತರ ಬರದಿದ್ದರೆ ಇನ್ನೊಬ್ಬರತ್ತ ಕೈ ತೋರಿಸುವುದು, ಇಲ್ಲವೇ ತಾವೇ ಹೇಳಿಬಿಡುವುದು. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದಾಗ ಮಕ್ಕಳ ಉತ್ತರಗಳು ಹಲವು ಪಟ್ಟು ಉದ್ದವಾದವು, ಉತ್ತರವೇ ಬರದ ಸಂದರ್ಭಗಳು ಕಡಿಮೆಯಾದವು, ಎಂದೂ ಬಾಯಿ ಬಿಡದವರೂ ಮಾತಾಡಿದರು. ಹೇಳಲು ಸುಲಭ, ಮೂರು ಸೆಕೆಂಡು ಸುಮ್ಮನೆ ನಿಲ್ಲುವುದು ಕಷ್ಟ. ಕಾಯುವವರ ಗಮನವೆಲ್ಲ ಕಾಲದ ಮೇಲೇ ಇರುವುದರಿಂದ ಅದು ಅರ್ಧ ನಿಮಿಷದಂತೆ ಭಾಸವಾಗುತ್ತದೆ. ಮನಸ್ಸಿನಲ್ಲೇ ಎಣಿಸುವ ಶಿಕ್ಷಕರಿದ್ದಾರೆ. ಡಸ್ಟರ್ ತೆಗೆದುಕೊಂಡು, ಆಗಲೇ ಒರೆಸಿರುವ ಬೋರ್ಡನ್ನು ಇನ್ನೊಮ್ಮೆ ಒರೆಸುವವರೂ ಇದ್ದಾರೆ.